ಅಂಗಾಲಿನ ಕಮಾನು

ಹೊಸ ಬ್ಯಾಚಿನ ಹುಡುಗಿಯರು ತರಗತಿಗೆ ಬಂದ ಮೊದಲ ದಿನವೇ ನಾನು ಅವರ ಚಪ್ಪಲಿ ಬಿಡಿಸುತ್ತೇನೆ. ಗೋಕಾಕದ ನರ್ಸಿಂಗ್ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸುವುದು ನನ್ನ ಕೆಲಸ. ಮೂಲೆಯಲ್ಲಿ ಅಸ್ಥಿಪಂಜರ ಹಲ್ಲು ಕಿರಿಯುತ್ತ ನಿಂತಿರುತ್ತದೆ. ಪಾಠ ಅದರಿಂದಲೇ ಶುರುವಾಗುತ್ತದೆಂದು ಹುಡುಗಿಯರು ಹೆದರಿ ಕುಳಿತಿರುತ್ತಾರೆ. ನಾನು ಅದರ ಕಡೆಗೆ ಬೆನ್ನು ಹಾಕಿ, "ಬರಿಗಾಲಲೆ ನೆಲದ ಮ್ಯಾಲ ನಿಂದರ್ರಿ. ಅಂಗಾಲಿನ ಒಳಗಿನ ಬಾಜೂಕ ಬೆರಳು ತೂರಿಸಿ ನೋಡ್ರಿ" ಅನ್ನುತ್ತೇನೆ.

ಬೆರಳು ಒಳಗೆ ಹೋಗುತ್ತದೆ. ಅದು ಮೊದಲನೆಯ ಕಮಾನು. ಅಲ್ಲಿಂದ ನಮ್ಮ ಬೇಟೆ ಶುರು. ನಾಲಿಗೆಯ ತುದಿಯನ್ನು ಮೇಲೆ ಒತ್ತಿದರೆ ಅಂಗುಳದ ಕಮಾನು. ಕೆನ್ನೆಯ ಮೂಳೆ ಕಿವಿಯತ್ತ ಬಾಗಿ ಹೋಗುವಲ್ಲಿ ಇನ್ನೊಂದು. ಪಕ್ಕದವಳ ಬಾಯಿ ತೆಗೆಸಿ ಟಾರ್ಚು ಹಿಡಿದರೆ ಗಂಟಲ ಬಾಗಿಲಿಗೆ ಒಂದರ ಹಿಂದೊಂದು ಎರಡು ಕಮಾನು, ನಡುವೆ ಗುಡಿಯ ಗಂಟೆಯ ಹಾಗೆ ಜೋತುಬಿದ್ದ ಕಿರುನಾಲಿಗೆ. ಎದೆಯೊಳಗೆ ಮಹಾಧಮನಿ ಗುಂಡಿಗೆಯಿಂದ ನೆಟ್ಟಗೆ ಮೇಲೆದ್ದು, ಊರುಗೋಲಿನ ಹಿಡಿಯಂತೆ ಬಾಗಿ ಬೆನ್ನ ಕಡೆಗೆ ಇಳಿಯುತ್ತದೆ. ಕೊನೆಗೆ ಮಿದುಳು. ಅದರ ನಟ್ಟನಡುವೆ ನರತಂತುಗಳ ಒಂದು ಕಟ್ಟು ಹಿಂದಿನಿಂದ ಎದ್ದು ಬಾಗಿ ಮುಂದೆ ಇಳಿಯುತ್ತದೆ. ಅದರ ಹೆಸರು ಫಾರ್ನಿಕ್ಸ್. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಕಮಾನು ಎಂದೇ ಅರ್ಥ. ಇವತ್ತು ಕಂಡದ್ದು ನಾಳೆಗೆ ನೆನಪಾಗಿ ಉಳಿಯಬೇಕಾದರೆ ಈ ಕಮಾನಿನ ದಾರಿ ಸರಿಯಿರಬೇಕು. ಅದನ್ನು ಮುಟ್ಟಿ ನೋಡಲು ಆಗುವುದಿಲ್ಲ, ನನ್ನ ಮಾತನ್ನೇ ನಂಬಬೇಕು.

"ನಂದು ಪರೀಕ್ಷೆ ದಿನಾ ಕುಸದ ಬೀಳ್ತೈತ್ರಿ ಮೇಡಂ" ಎಂದು ಒಬ್ಬಳಾದರೂ ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ, "ನಿಮ್ಮ ಕಾಲು ತೋರಸ್ರಿ ಮೇಡಂ" ಎಂಬ ಬೇಡಿಕೆ ಬರುತ್ತದೆ. ತೋರಿಸುತ್ತೇನೆ. ನನ್ನ ಅಂಗಾಲು ರೊಟ್ಟಿ ಬಡಿಯುವ ಹಲಗೆಯಷ್ಟು ಸಪಾಟು. ಬೆರಳಿನ ಮಾತಿರಲಿ, ಕಾಗದವೂ ಒಳಗೆ ತೂರುವುದಿಲ್ಲ. ಕಮಾನಿಲ್ಲದವಳು ಕಮಾನಿನ ಪಾಠ ಹೇಳುವುದನ್ನು ನೋಡಿ ಅವರಿಗೆ ಇನ್ನಷ್ಟು ಖುಷಿ.

ನಾನು ಸಪಾಟ ಕಾಲಿನವಳು ಎಂದು ಮೊದಲು ಕಂಡುಹಿಡಿದದ್ದು ವೈದ್ಯರಲ್ಲ, ನನ್ನ ಅವ್ವ. ಮೂಡಲಗಿಯ ಆಚೆ, ಕಬ್ಬಿನ ಹೊಲಗಳ ನಡುವಿನ ನಮ್ಮೂರಿನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಕೂಸು ಹೆಜ್ಜೆ ಇಡಲು ಕಲಿತ ಕೂಡಲೇ ಬೆಲ್ಲದ ಗಾರಿಗೆ ಕರಿದು ಓಣಿಗೆಲ್ಲ ಹಂಚುತ್ತಿದ್ದರು. ಅಂದು ಮುಂಜಾನೆ ಸಗಣಿ ಸಾರಿಸಿದ ಅಂಗಳದಲ್ಲಿ, ಕುಂಕುಮದ ನೀರಿನಲ್ಲಿ ಪಾದ ಅದ್ದಿಸಿ ಕೂಸನ್ನು ನಡೆಸುತ್ತಿದ್ದರು. ಮೂಡಿದ ಹೆಜ್ಜೆಯನ್ನು ಮನೆಯ ಹಿರಿಯ ಹೆಂಗಸು ಬಗ್ಗಿ ನೋಡಿ ತೀರ್ಪು ಕೊಡುತ್ತಿದ್ದಳು. ನಡುವೆ ತಗ್ಗಿದ್ದರೆ ಲಕ್ಷ್ಮೀ ಪಾದ, ಹೋದ ಮನೆ ಉದ್ಧಾರ. ತಗ್ಗಿಲ್ಲದಿದ್ದರೆ ಸಪಾಟ ಪಾದ, ಹೋದ ಮನೆಗೆ ದೇವರೇ ಗತಿ. ಸೊಸೆಯಂದಿರ ಲೆಕ್ಕ ಬೇರೆ. ಅವರು ಮದುವೆಯಾಗಿ ಬಂದ ದಿನ ಪಡಸಾಲೆಯ ಫರಸಿ ಕಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ನಡೆಸುತ್ತಿದ್ದರು.

ಅವ್ವ ಆ ಬಿಳಿ ಬಟ್ಟೆಯ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವಳು. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಆ ಹೆಜ್ಜೆ ನೋಡಿ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದ್ದಳಂತೆ. "ನನ್ನ ಹೆಜ್ಜಿ ನೋಡಿ ನಮ್ಮತ್ತಿ ಕಣ್ಣಾಗ ನೀರ ತಂದಿದ್ಳು" ಎಂದು ಅವ್ವ ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ದೇವರೇ ಬಲ್ಲ. ಮುಂದೆ ತೀರ್ಪು ಕೊಡುವ ಅಧಿಕಾರ ಅವಳ ಪಾಲಿಗೆ ಬಂತು. ನಾನು ಸಪಾಟು ಎಂದಳು. ನನ್ನ ಸೋದರತ್ತೆಯರು ಮೊದಲೇ ಸಪಾಟಾಗಿದ್ದರು. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಸಪಾಟು, ಹೊರಗಿನಿಂದ ಬಂದ ಸೊಸೆಯಂದಿರಿಗೆಲ್ಲ ಕಮಾನು. ಇದು ಅಪ್ಪನ ಕಡೆಯ ರಕ್ತದ ದೋಷ ಎಂದು ಅವ್ವ ಪಂಚರ ಮುಂದೆ ಹೇಳುವ ಗತ್ತಿನಲ್ಲಿ ಹೇಳುತ್ತಿದ್ದಳು. ಅಪ್ಪ ತಲೆ ಬಗ್ಗಿಸಿ ಚಹಾ ಕುಡಿಯುತ್ತಿದ್ದ.

ಹುಕ್ಕೇರಿಗೆ ನನ್ನನ್ನು ಮದುವೆ ಮಾಡಿ ಕಳಿಸಿದಾಗ ಅವ್ವನಿಗೆ ನನ್ನ ಕಾಲಿನದೇ ಚಿಂತೆ. "ಹೊಸ್ತಲ ದಾಟುವಾಗ ಬೆರಳ ಮ್ಯಾಲ ನಡಿ, ಹಿಮ್ಮಡಿ ಊರಬ್ಯಾಡ. ಸೀರಿ ಸ್ವಲ್ಪ ಇಳಿಬಿಟ್ಟುಕೋ" ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು. ನಾನು ಬೆಕ್ಕಿನ ಹಾಗೆ ತುದಿಗಾಲಲ್ಲಿ ಹುಕ್ಕೇರಿಯ ಮನೆ ಹೊಕ್ಕೆ. ನನ್ನ ಅತ್ತೆಗೆ ಕಾಲು ನೋಡುವ ಪುರುಸೊತ್ತೇ ಇರಲಿಲ್ಲ. ಫೋಟೊದವನು ಅವಳನ್ನು ಬಿಟ್ಟು ಬೀಗರ ಫೋಟೊ ತೆಗೆಯುತ್ತಿದ್ದನೆಂದು ಅವನ ಜೊತೆ ಜಗಳದಲ್ಲಿದ್ದಳು. ಆ ಮನೆ ಇನ್ನೂ ಗಟ್ಟಿಯಾಗಿ ನಿಂತಿದೆ. ಅತ್ತೆಯ ಜಗಳವೂ ಗಟ್ಟಿಯಾಗಿದೆ. ಆಮೇಲೆ ನಾನು ಓದಿ, ಕೆಲಸ ಹಿಡಿದು, ಗಂಡನ ಜೊತೆ ಗೋಕಾಕಕ್ಕೆ ಬಂದು ನೆಲೆಸಿದೆ. ನನ್ನದು ನಿಜಕ್ಕೂ ಸಪಾಟ ಪಾದವೇ ಎಂದು ಓದಿನಿಂದಲೂ ಗೊತ್ತಾಯಿತು. ಹಾಗಾಗಿ ಅವ್ವನ ತೀರ್ಪಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಹೀಗಿರುವಾಗ ನನ್ನ ತಮ್ಮನ ಮಗಳು ಸೈನ್ಯ ಸೇರುತ್ತೇನೆಂದು ಹಟ ಹಿಡಿದಳು. ಕಾಲುವೆಯ ದಂಡೆಯ ಮೇಲೆ ದಿನಾ ಮುಂಜಾನೆ ಓಡುತ್ತಿದ್ದಳು. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರು ಹಾರ್ನ್ ಬಾರಿಸಿ ಅವಳಿಗೆ ದಾರಿ ಬಿಡುತ್ತಿದ್ದರು. ಓಟದಲ್ಲಿ ಊರಿನ ಯಾವ ಗಂಡಸಿಗೂ ಅವಳ ಬೆನ್ನ ಹಿಂದೆ ಬರಲೂ ಆಗುತ್ತಿರಲಿಲ್ಲ, ಮುಂದಂತೂ ಕೇಳಲೇಬೇಡಿ. ಆದರೆ ಅವಳೂ ಈ ಮನೆಯಲ್ಲಿ ಹುಟ್ಟಿದವಳು. ಗಾರಿಗೆ ಹಂಚಿದ ದಿನವೇ ಅವ್ವ ಅವಳ ಹೆಜ್ಜೆ ನೋಡಿ "ಇದೂ ಸಪಾಟ" ಎಂದು ಹಣೆಬರಹ ಬರೆದಾಗಿತ್ತು. ಸೈನ್ಯದಲ್ಲಿ ಸಪಾಟ ಪಾದದವರನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಕಡೆ ದನ ಕಾಯುವವರಿಗೂ ಗೊತ್ತು. ಪಕ್ಕದ ಓಣಿಯ ಒಬ್ಬನನ್ನು ಅದೇ ಕಾರಣಕ್ಕೆ ಮರಳಿ ಕಳಿಸಿದ್ದರು. ಅವನು ಬಸ್ಸಿನಿಂದ ಇಳಿದಾಗ ಕಟ್ಟೆಯ ಮೇಲಿದ್ದವರೆಲ್ಲ ಮೊದಲು ನೋಡಿದ್ದು ಅವನ ಕಾಲನ್ನೇ.

ತಮ್ಮನ ಮಗಳು ನನಗೆ ಫೋನು ಮಾಡಿದಳು. ಅವ್ವನನ್ನು ಅವಳು ಆಯಿ ಎಂದು ಕರೆಯುತ್ತಾಳೆ.

"ಅತ್ತಿ, ನೀ ಬಾ. ಆಯಿ ಹೋಗಾಕ ಬ್ಯಾಡ ಅನ್ನಾಕತ್ತಾಳ. ಬೆಳಗಾವಿ ತನಕ ಹೋಗಿ ಎಲ್ಲಾರ ಮುಂದ ಕಾಲ ನೋಡಿ ಹೊರಗ ಹಾಕಿದ್ರ ಮನಿ ಮರ್ಯಾದಿ ಹೋಗ್ತೈತಂತ. ಅಪ್ಪ ಆಯಿ ಮಾತ ಮೀರಂಗಿಲ್ಲ."

"ನೀ ಅಂಗಾಲಿಗೆ ಬೆರಳ ತೂರಿಸಿ ನೋಡಿದ್ಯಾ?"

"ನೋಡಿಲ್ಲ. ಅಂಜಿಕಿ ಬರ್ತೈತಿ." ಆಮೇಲೆ ಹೇಳಿದಳು: "ನಾನೊಬ್ಬಾಕಿ ನೋಡಿದ್ರ ಆಯಿ ನಂಬಂಗಿಲ್ಲ. 'ನನ್ನ ಮಗಳು ದಿನಾ ಅದನ್ನ ಕಲಿಸಾಕಿ, ಆಕಿ ಬಂದು ನನ್ನ ಮುಂದ ನೋಡಿ ಹ್ಞೂಂ ಅಂದ್ರ ಹೋಗು, ಇಲ್ಲಾಂದ್ರ ಓಡೋದು ಬಿಡು' ಅಂದಾಳ."

ಅವಳ ಕಾಲು ನಾನೂ ಸರಿಯಾಗಿ ನೋಡಿರಲಿಲ್ಲ. ಮನೆಯಲ್ಲಿ ಒಮ್ಮೆ ಸಪಾಟು ಎಂದಾದ ಮೇಲೆ ಮತ್ತೆ ಯಾರು ನೋಡುತ್ತಾರೆ? ನಿಜವಾಗಿಯೂ ಸಪಾಟಾಗಿದ್ದರೆ ನಾನು ಸುಳ್ಳು ಹೇಳುವಂತಿರಲಿಲ್ಲ. ಹೇಳಿದರೂ ಬೆಳಗಾವಿಯಲ್ಲಿ ಅದು ಬಯಲಾಗುತ್ತಿತ್ತು. ಶುಕ್ರವಾರ ರಜೆ ಹಾಕಿ ಮೂಡಲಗಿಯ ಬಸ್ಸು ಹತ್ತಿದೆ.

ಮೂಡಲಗಿಯಿಂದ ಮುಂದಕ್ಕೆ ಪ್ರತಿ ಊರಿಗೂ ಒಂದು ಸ್ವಾಗತ ಕಮಾನು. ರಸ್ತೆ ಕೆಟ್ಟಿದ್ದರೂ ನಡೆಯುತ್ತದೆ, ಕಮಾನು ಬೇಕೇ ಬೇಕು. ಅವೆಲ್ಲ ಒಳಗೆ ಕಬ್ಬಿಣ, ಹೊರಗೆ ಸಿಮೆಂಟು, ಮೇಲೆ ದಾನಿಗಳ ಹೆಸರು. ಕಮಾನಿನ ವೇಷ ಹಾಕಿದ ತೊಲೆಗಳು ಎಂದು ನಾನು ತಮಾಷೆ ಮಾಡುತ್ತೇನೆ. ಖರೆ ಕಮಾನು ಅಂದರೆ ನಮ್ಮೂರಿನ ಹಳೆಯ ಅಗಸಿ ಬಾಗಿಲಿನದು. ಅಲ್ಲಿ ಕಲ್ಲಿಗೆ ಕಲ್ಲು ಹೆಗಲು ಕೊಟ್ಟು ನಿಂತಿದೆ. ಮೇಲಿನಿಂದ ಭಾರ ಬಿದ್ದಷ್ಟೂ ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಅಂಗಾಲಿನ ಮೂಳೆಗಳೂ ಹಾಗೆಯೇ ಜೋಡಣೆಯಾಗಿವೆ. ಅವುಗಳ ಕೆಳಗೆ ಹಗ್ಗ ಬಿಗಿದಂತೆ ಅಸ್ಥಿರಜ್ಜುಗಳಿವೆ. ಆ ಅಗಸಿಯ ಕೆಳಗೆ ನಡೆದು ಹೋಗುವಾಗ ಮೇಲೆ ನೋಡಿ, ಈ ಹುಡುಗಿಯ ಕಾಲಿನಲ್ಲಿ ಇಂಥದ್ದೊಂದು ಇರಲಪ್ಪಾ ಎಂದು ಬೇಡಿಕೊಂಡೆ. ವಿಜ್ಞಾನ ಕಲಿಸುವವಳು ಕಲ್ಲಿಗೆ ಬೇಡಿಕೊಂಡದ್ದು ನನ್ನ ವಿದ್ಯಾರ್ಥಿನಿಯರಿಗೆ ಗೊತ್ತಿಲ್ಲ.

ಮನೆ ಮುಟ್ಟಿದಾಗ ಅವ್ವ ಅಂಗಳ ಸಾರಿಸಿ ಮುಗಿಸಿ, ಕೈ ತೊಳೆದು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮನೆಯೊಳಗೆಲ್ಲ ಫರಸಿ ಇದ್ದರೂ ಅಂಗಳ ಮಾತ್ರ ಮಣ್ಣಿನದೇ ಇರಬೇಕು, ಅದನ್ನು ತಾನೇ ಸಾರಿಸಬೇಕು ಎಂಬುದು ಅವಳ ಹಟ. ಅವಳು ಸಾರಿಸುವುದೆಂದರೆ ಸಾರಿಸುವುದಲ್ಲ, ಮೆತ್ತುವುದು. ಕಾಲಿಟ್ಟರೆ ಮೆತ್ತಗೆ ಒಳಕ್ಕಿಳಿಯುತ್ತದೆ.

"ಬಾ. ಎಲ್ಲಾ ತಯಾರಿ ಮಾಡೇನಿ" ಎಂದಳು. ಬಾಗಿಲ ಬಳಿ ಹಿತ್ತಾಳೆಯ ಪರಾತದಲ್ಲಿ ಕುಂಕುಮದ ನೀರು ಕಲಸಿ ಇಟ್ಟಿತ್ತು.

"ಇದ್ಯಾಕವ್ವಾ? ನಾ ಸುಮ್ಮ ಕಾಲ ಮುಟ್ಟಿ ನೋಡಿ ಹೇಳ್ತೇನಿ."

"ಅದೆಲ್ಲ ನಿನ್ನ ಕಾಲೇಜಿನಾಗ. ಕೂಸಿದ್ದಾಗ ಎಲ್ಲಿ ನೋಡೇವೋ ಅಲ್ಲೇ ನೋಡೋಣ. ಆಮ್ಯಾಲ ಯಾರೂ ಮಾತಾಡೂ ಹಂಗಿಲ್ಲ."

ತಮ್ಮ ಕಟ್ಟೆಯ ಮೇಲೆ ಕುಳಿತು ಉಗುರು ಕಚ್ಚುತ್ತಿದ್ದ. ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದುಕೊಂಡೇ ನಿಂತಿದ್ದಳು. ಹುಡುಗಿ ಪ್ಯಾಂಟಿನ ಅಂಚು ಮಡಚಿ, ನನ್ನ ಮುಖ ಒಮ್ಮೆ ನೋಡಿ, ಎರಡೂ ಪಾದ ಕುಂಕುಮದ ನೀರಿನಲ್ಲಿ ಅದ್ದಿದಳು. ಅಂಗಳದಲ್ಲಿ ಮೆಲ್ಲಗೆ ನಡೆದು ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತಳು. ತಿರುಗಿ ನೋಡಲಿಲ್ಲ.

ನಾವು ನೋಡಿದೆವು. ಹಿಮ್ಮಡಿಯಿಂದ ಬೆರಳಿನವರೆಗೆ ತುಂಬಿದ ಹೆಜ್ಜೆಗಳು. ನಡುವೆ ತಗ್ಗಿನ ಗುರುತೇ ಇರಲಿಲ್ಲ.

ಅವ್ವ ಗೆದ್ದೆನೆಂದು ಹಿಗ್ಗಲಿಲ್ಲ. ಅವಳ ಮುಖ ಬಾಡಿತು. "ನಾ ಸುಳ್ಳ ಹೇಳಾಕಿ ಅಲ್ಲ ತಾಯಿ" ಎಂದಳು ಮೊಮ್ಮಗಳಿಗೆ. "ನಿನ್ನ ನಾಕ ಮಂದಿ ನೋಡಿ ನಗಬಾರದು ಅಂತ ಹೇಳಿದ್ದೆ." ಹುಡುಗಿ ಬಾಗಿಲ ಪಕ್ಕದ ನಲ್ಲಿಯ ಹತ್ತಿರ ಹೋಗಿ ತಿಕ್ಕಿ ತಿಕ್ಕಿ ಕಾಲು ತೊಳೆದುಕೊಂಡಳು. ಹಾಗೇ ದಡದಡ ಪಡಸಾಲೆ ದಾಟಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಿಗೆ ತಮ್ಮ ಕಣ್ಣು ಮುಚ್ಚಿಕೊಂಡ.

ನನಗೂ ಅಳು ಬಂದಂತಾಯಿತು. ಸಮಾಧಾನ ಹೇಳಲು ಅವಳ ಹಿಂದೆ ಹೊರಟವಳು ಹೊಸ್ತಿಲಲ್ಲಿ ಗಕ್ಕನೆ ನಿಂತೆ. ಪಡಸಾಲೆಯ ಕರಿ ಫರಸಿಯ ಮೇಲೆ ಅವಳ ಒದ್ದೆ ಹೆಜ್ಜೆಗಳು ಸಾಲಾಗಿ ಕೋಣೆಯವರೆಗೆ ಹೋಗಿದ್ದವು. ದುಂಡನೆಯ ಹಿಮ್ಮಡಿ, ಮುಂದೆ ಬೆರಳುಗಳು, ಎರಡನ್ನೂ ಕೂಡಿಸುವ ಸಣ್ಣದೊಂದು ಪಟ್ಟಿ ಹೊರಬದಿಗೆ ಮಾತ್ರ. ಒಳಬದಿಯಲ್ಲಿ ಕಲ್ಲು ಒಣಗಿಯೇ ಇತ್ತು. ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುವ ಕಮಾನಿನ ಪಾದದ ಚಿತ್ರ ಹುಬೇಹೂಬ ಅಲ್ಲಿತ್ತು.

"ಯಾರೂ ಒಳಗ ಬರಬ್ಯಾಡ್ರಿ!" ಎಂದು ಕೂಗಿದೆ. "ಪಂಕಾ ಬಂದ್ ಮಾಡ್ರಿ, ಪಂಕಾ!"

ತಮ್ಮ ಎದ್ದುಬಿದ್ದು ಓಡಿ ಬಂದ. "ಏನಾತಕ್ಕಾ? ಹಾವು ಬಂತೇನ?"

"ಹಾವಲ್ಲೋ, ಹೆಜ್ಜಿ! ತುಳದ್ಯಂದ್ರ ನೋಡು!"

ಅವನು ಗೋಡೆಗೆ ಅಂಟಿಕೊಂಡು ನಡೆದು ಪಂಕದ ಬಟನ್ ಒತ್ತಿದ. ಅಷ್ಟರಲ್ಲಿ ಒಂದು ಕೋಳಿ ಗಾಂಭೀರ್ಯದಿಂದ ಪಡಸಾಲೆಗೆ ಕಾಲಿಟ್ಟಿತು. ತಮ್ಮನ ಹೆಂಡತಿ ಲಟ್ಟಣಿಗೆ ತೋರಿಸಿ ಅದನ್ನು ಹೊರಗೆ ಓಡಿಸಿ, "ಅಕ್ಕಾರ, ಅಂಚಿನ ಕಡೆಯಿಂದ ಆರಾಕತ್ತಾವರೀ!" ಎಂದು ಚೀರಿದಳು. ನಾಲ್ಕು ಹನಿ ನೀರನ್ನು ಕಾಯಲು ಮೂವರು ದೊಡ್ಡವರು ಉಸಿರು ಬಿಗಿಹಿಡಿದು ನಿಂತಿದ್ದೆವು. ಈಗ ನೆನಪಾದರೆ ನಗು ತಡೆಯಲು ಆಗುವುದಿಲ್ಲ.

ಅವ್ವ ಮೆಲ್ಲಗೆ ಬಂದು ಹೊಸ್ತಿಲಲ್ಲಿ ಬಗ್ಗಿ ನೋಡಿದಳು. ಅವಳ ಕಣ್ಣು ಅರಳಿತು.

"ಇದು ನನ್ನ ಹೆಜ್ಜಿ" ಎಂದಳು. "ಮುಂಜಾನೆ ಜಳಕಾ ಮಾಡಿ ಬಂದಾಗ ಮೂಡಿದ್ದು. ನೋಡ್ರಿ, ಇಷ್ಟ ವಯಸ್ಸಾದ್ರೂ ಹ್ಯಾಂಗೈತಿ! ನಮ್ಮತ್ತಿ ಕಣ್ಣಾಗ ನೀರ ತಂದಿದ್ದು ಇದನ್ನ ನೋಡೇ."

ಮುಂಜಾನೆಯ ಜಳಕದ ನೀರು ಊಟದ ಹೊತ್ತಿನವರೆಗೆ ಆರದೆ ಕಾಯುತ್ತದೆಯೇ ಎಂದು ಕೇಳುವ ಧೈರ್ಯ ತಮ್ಮನಿಗೂ ಇರಲಿಲ್ಲ, ಅವನ ಹೆಂಡತಿಗೂ ಇರಲಿಲ್ಲ. ನಾನಾದರೋ ಅವ್ವನ ತಲೆಯೊಳಗಿನ ಆ ಇನ್ನೊಂದು ಕಮಾನನ್ನು ನೆನೆದು ಬೆರಗಾದೆ. ಮದುವೆಯ ದಿನ ಬಿಳಿ ಬಟ್ಟೆಯ ಮೇಲೆ ಕಂಡ ಒಂದು ಹೆಜ್ಜೆ ಆ ದಾರಿಯಲ್ಲಿ ಹಾದು ಹೋಗಿ ಹಾಗೇ ಭದ್ರವಾಗಿ ಕುಳಿತಿತ್ತು. ಆಮೇಲಿನ ಒಂದು ಹೆಜ್ಜೆಯನ್ನೂ ಅದು ಒಳಗೆ ಬಿಟ್ಟುಕೊಂಡಿರಲಿಲ್ಲ.

"ಹಂಗಾರ ಬಾಜೂಕ ಇನ್ನೊಂದ ಇಡು ಅವ್ವಾ" ಎಂದೆ. "ಜೋಡಿ ಆಗ್ಲಿ."

ಅವ್ವ ಸಂತೋಷದಿಂದ ನಲ್ಲಿಗೆ ಹೋಗಿ ಕಾಲು ತೊಳೆದು ಬಂದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಹೊಸ ಮದುಮಗಳ ಗತ್ತಿನಲ್ಲಿ ಬಲಗಾಲು ಮುಂದಿಟ್ಟು, ಆ ಹೆಜ್ಜೆಯ ಪಕ್ಕದಲ್ಲೇ ಊರಿ ತೆಗೆದಳು. ಎಲ್ಲರೂ ಬಗ್ಗಿದೆವು.

ಅವ್ವನ ಹೆಜ್ಜೆ ನನ್ನದಕ್ಕಿಂತಲೂ ಸಪಾಟಾಗಿತ್ತು.

ತಮ್ಮನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ತೊಲೆ ಎಣಿಸುವವಳ ಹಾಗೆ ಮೇಲೆ ನೋಡತೊಡಗಿದಳು. ತಮ್ಮ ಕೆಮ್ಮಿದ. ಅವ್ವ ಕಾಲು ಒರೆಸಿಕೊಂಡು ಇನ್ನೊಮ್ಮೆ ಊರಿದಳು. ಮತ್ತೆ ಅದೇ. ಎಡಗಾಲು ಊರಿದಳು, ಅದೂ ಅದೇ.

"ಹಂಗಾರ ಇದು ಯಾರ್ದು?" ಎಂದಳು ಮೆಲುದನಿಯಲ್ಲಿ.

ಕೋಣೆಯ ಬಾಗಿಲು ತೆರೆದಿತ್ತು. ಗದ್ದಲಕ್ಕೆ ಹುಡುಗಿ ಹೊರಗೆ ಬಂದು ನಿಂತಿದ್ದಳು. ಅವಳ ಕಣ್ಣು ಇನ್ನೂ ಒದ್ದೆ. ತನ್ನ ಹೆಜ್ಜೆಯನ್ನು ಒಮ್ಮೆ, ತನ್ನ ಪಾದವನ್ನು ಒಮ್ಮೆ ನೋಡಿಕೊಂಡಳು. ನಾನು ಹತ್ತಿರ ಹೋಗಿ ಕುಳಿತು, ಅವಳ ಅಂಗಾಲಿನ ಒಳಬದಿಗೆ ನನ್ನ ಬೆರಳು ತೂರಿಸಿದೆ. ಸರಾಗವಾಗಿ ಒಳಗೆ ಹೋಯಿತು. "ಹಿಮ್ಮಡಿ ಎತ್ತಿ ಬೆರಳ ಮ್ಯಾಲ ನಿಂದ್ರು" ಎಂದೆ. ಅವಳು ನಿಂತಳು. ಅಂಗಾಲು ಅಗಸಿಯ ಕಲ್ಲಿನ ಹಾಗೆ ಬಿಗಿದು ಮೇಲೆದ್ದಿತು.

"ಹ್ಞೂಂ" ಎಂದೆ. ಹುಡುಗಿ ನನ್ನ ಮೇಲೆ ಬಿದ್ದು ತಬ್ಬಿಕೊಂಡಳು, ಇಬ್ಬರೂ ಫರಸಿಯ ಮೇಲೆ ಉರುಳಿದೆವು. ಅಷ್ಟು ಹೊತ್ತು ಕಾಯ್ದ ಹೆಜ್ಜೆ ನಮ್ಮ ಬಟ್ಟೆಗೇ ಒರೆಸಿಹೋಯಿತು.

ಊಟಕ್ಕೆ ಕುಳಿತಾಗ ನಾನು ಎಲ್ಲರಿಗೂ ಬಿಡಿಸಿ ಹೇಳಿದೆ. ಹೆಜ್ಜೆ ಕಲಿಯುವ ಯಾವ ಕೂಸಿನ ಅಂಗಾಲೂ ಸಪಾಟಾಗಿಯೇ ಕಾಣುತ್ತದೆ, ಅಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ. ಕಮಾನು ಏಳುವುದು ಆಮೇಲೆ, ಕೂಸು ನಡೆದು ಓಡಿ ಬೆಳೆದಂತೆ. ಅದರ ಮೇಲೆ ನಮ್ಮ ಅಂಗಳ ಬೇರೆ. ಮೆತ್ತಗೆ ಸಾರಿಸಿದ ಸಗಣಿಯಲ್ಲಿ ಕಾಲು ಒಳಗಿಳಿದರೆ ತಗ್ಗಿನ ಜಾಗಕ್ಕೂ ನೆಲ ತಾಗುತ್ತದೆ. ಲಕ್ಷ್ಮಿಯೇ ಬಂದು ನಡೆದರೂ ಅಲ್ಲಿ ಸಪಾಟ ಹೆಜ್ಜೆಯೇ ಮೂಡೀತು. ಸೊಸೆಯಂದಿರು ಮಾತ್ರ ಬೆಳೆದ ಮೇಲೆ, ಗಟ್ಟಿ ಕಲ್ಲಿನ ಮೇಲೆ ನಡೆದವರು. ಹಾಗಾಗಿ ಈ ಮನೆಯಲ್ಲಿ ಹೆಣ್ಣುಮಕ್ಕಳು ಫೇಲು, ಸೊಸೆಯಂದಿರು ಪಾಸು. ನನ್ನ ಕಾಲಿನ ಬಗ್ಗೆ ಅವ್ವ ಹೇಳಿದ್ದು ಖರೆಯಾಗಿತ್ತು ನಿಜ, ಆದರೆ ಅದು ಕುರುಡ ಹೊಡೆದ ಕಲ್ಲು ಮಾವಿನಕಾಯಿಗೆ ತಾಗಿದಂತೆ.

"ಅಂದ್ರ ನಮ್ಮ ಕಡೆ ರಕ್ತದಾಗ ಏನೂ ದೋಷ ಇರಲಿಲ್ಲ" ಎಂದ ತಮ್ಮ, ಅಪ್ಪನ ಫೋಟೊದ ಕಡೆ ನೋಡಿ. ಬದುಕಿದ್ದಾಗ ಅಪ್ಪನ ಪರವಾಗಿ ಆ ಮನೆಯಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ಅವ್ವ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳನ್ನು ಹಾಗೆ ನೋಡಿ ನನಗೆ ಸಂಕಟವಾಯಿತು. ಒಂದು ಹೆಜ್ಜೆಯ ಹೆಮ್ಮೆಯ ಮೇಲೆ ಅವಳು ಒಂದು ಬಾಳನ್ನೇ ಕಟ್ಟಿಕೊಂಡಿದ್ದಳು. ಕೊನೆಗೆ ಕೇಳಿದಳು:

"ನಂದು ಮೊದಲಿಂದನೂ ಹಿಂಗಿತ್ತೇನ?"

"ಇಲ್ಲವ್ವಾ. ಮದವಿ ದಿನಾ ಅಜ್ಜಿ ನೋಡಿದ್ದು ಖರೆನ ಇರಬೇಕು. ವಯಸ್ಸಾದಂಗ ಒಳಗಿನ ನರಾ ಹುರಿ ಸಡ್ಲ ಆಗಿ ಕಮಾನು ಕುಂತಬಿಡ್ತೈತಿ. ನೀ ಹೊತ್ತ ಹೊರಿ, ನಿಂತ ತಾಸು ಕಡಿಮಿ ಏನ?"

"ಯಾವಾಗ ಕುಂತಿರಬೇಕು?"

"ಅದ್ಯಾರಿಗೆ ಗೊತ್ತು? ಇವನ್ನ ಹಡದಾಗ ಇರಬಹುದು, ಆಮ್ಯಾಲ ಇರಬಹುದು."

ಅವ್ವ ಲೆಕ್ಕ ಹಾಕತೊಡಗಿದಳು. ಮುಖದಲ್ಲೇ ಅದು ಕಾಣುತ್ತಿತ್ತು. ಬಾವಿಗೆ ನೀರು ಬಿದ್ದದ್ದು, ನನ್ನ ಓದು, ಮೇಲಿನ ಅಂತಸ್ತು, ಮೊಮ್ಮಗಳು. ತನ್ನ ಕಾಲ್ಗುಣವೆಂದು ಅವಳು ಎಣಿಸಿದ್ದವೆಲ್ಲ ಒಂದೊಂದಾಗಿ ಕಣ್ಣ ಮುಂದೆ ಹಾದುಹೋದವು. ಆಮೇಲೆ ಕೈಯಲ್ಲಿದ್ದ ರೊಟ್ಟಿಯನ್ನು ಬದನೆಕಾಯಿ ಪಲ್ಲೆಗೆ ಅದ್ದಿ, "ಅಂದ್ರ ಇಷ್ಟ ದಿನಾ ಈ ಮನಿ ಸಪಾಟ ಕಾಲಿನ ಮ್ಯಾಲನ ನಡದೈತಿ" ಎಂದಳು. ಎಂದವಳೇ ಹೊಟ್ಟೆ ಕುಣಿಯುವಂತೆ ನಗತೊಡಗಿದಳು. ನಗುತ್ತಲೇ ಮೊಮ್ಮಗಳ ಬೆನ್ನಿಗೊಂದು ಗುದ್ದಿ, "ಹೋಗ ನಿನ್ನ, ಹೋಗು. ಓಡು" ಎಂದಳು.

ಭರ್ತಿಯ ದಿನ ಬೆಳಗಾವಿಗೆ ನಾವೆಲ್ಲ ಹೋದೆವು. ಹುಡುಗಿ ಒಳಗೆ ಹೋದ ಮೇಲೆ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಕಾಯುವುದೇ ನಮ್ಮ ಕೆಲಸ. ಅಲ್ಲಿ ಬೇರೆ ಬೇರೆ ಊರುಗಳಿಂದ ಬಂದ ತಾಯಂದಿರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಅವ್ವ ನಿಮಿಷದಲ್ಲಿ ಅವರ ನಡುವೆ ಸೇರಿಹೋದಳು. "ಸಗಣಿ ನೆಲದ ಮ್ಯಾಲ ನೋಡಬಾರದ್ರೀ, ಅಲ್ಲಿ ಮೋಸ ಆಗ್ತೈತಿ. ಫರಸಿ ಮ್ಯಾಲ ನೋಡಬೇಕು. ಕೂಸಿದ್ದಾಗ ಅಂತೂ ನೋಡಾಕ ಹೋಗಲೇಬಾರದು" ಎಂದು ಅವಳು ಹೇಳುವುದು ನನ್ನ ಕಿವಿಗೆ ಬಿತ್ತು. ನಾನು ಕಲಿಸಿದ ಪಾಠವನ್ನು ನನ್ನೆದುರಿಗೇ, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ತಾನೇ ಕಂಡುಹಿಡಿದವಳಂತೆ ಹೇಳುತ್ತಿದ್ದಳು. ಇಬ್ಬರು ಹೆಂಗಸರು ಆಗಲೇ ಚಪ್ಪಲಿ ಬಿಟ್ಟು ತಮ್ಮ ಅಂಗಾಲು ನೋಡಿಕೊಳ್ಳುತ್ತಿದ್ದರು. ನನಗಿಂತ ಒಳ್ಳೆಯ ಮೇಡಂ ಅವಳೇ ಎಂದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಹುಡುಗಿ ಹೊರಗೆ ಬಂದಳು. ಅವ್ವ ಎಲ್ಲರಿಗಿಂತ ಮೊದಲು ಗೇಟಿಗೆ ಹೋಗಿದ್ದಳು.

"ಕಾಲ ನೋಡಿದ್ರೇನ?"

"ನೋಡಿದ್ರು ಆಯಿ. ಹಿಮ್ಮಡಿ ಎತ್ತಿ ನಿಂದ್ರು ಅಂದ್ರು."

"ಏನಂದ್ರು?"

"ಏನೂ ಅನ್ಲಿಲ್ಲ. ಮುಂದ ಹೋಗು ಅಂದ್ರು."

ಅವ್ವ ಹಣೆಗೆ ಕೈ ಮುಟ್ಟಿಸಿ ನೆಟಿಗೆ ಮುರಿದಳು. ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ಸೊಸೆಯ ಹೆಜ್ಜೆ ನೋಡಿ ಅಂದು ನನ್ನ ಅಜ್ಜಿ ಅತ್ತಳೋ ಇಲ್ಲವೋ ನಾನು ಕಂಡಿಲ್ಲ. ಮೊಮ್ಮಗಳ ಕಾಲಿಗೆ ಅವ್ವ ಅತ್ತದ್ದನ್ನು ಮಾತ್ರ ನಾನೇ ನೋಡಿದ್ದೇನೆ.

ಹುಡುಗಿ ಆಯ್ಕೆಯಾದಳು, ತರಬೇತಿಗೆ ಹೋದಳು. ಆ ವರ್ಷದ ದೀಪಾವಳಿಗೆ ನಾನು ಗೋಕಾಕದಿಂದ ಕರದಂಟು ತೆಗೆದುಕೊಂಡು ಊರಿಗೆ ಹೋದೆ. ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆಯ ದಿನ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಲಕ್ಷ್ಮಿಯ ಹೆಜ್ಜೆ ಮೂಡಿಸುತ್ತಾರೆ. ಮುಷ್ಟಿ ಕಟ್ಟಿ, ಅದರ ಬದಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ಒತ್ತಿದರೆ ಪಾದ. ಬೆರಳ ತುದಿಯಿಂದ ಚುಕ್ಕಿ ಇಟ್ಟರೆ ಕಾಲ್ಬೆರಳು. ಮುಷ್ಟಿಯ ಹೆಜ್ಜೆಗೆ ನಡುವೆ ತಾನಾಗಿಯೇ ಚೆಂದದ ತಗ್ಗು ಬರುತ್ತದೆ. ನಮ್ಮೆಲ್ಲರ ಕಾಲುಗಳನ್ನು ಅವ್ವ ಅಳೆಯುತ್ತಿದ್ದದ್ದು ಅದೇ ತಗ್ಗಿನಿಂದ.

ಆ ಸಂಜೆ ಅವ್ವ ಫರಸಿಯ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಹೆಜ್ಜೆ ಮೂಡಿಸುತ್ತಿದ್ದಳು. ನಾನು ಹಿಟ್ಟಿನ ಬಟ್ಟಲು ಹಿಡಿದು ಅವಳ ಜೊತೆ ಸರಿಯುತ್ತಿದ್ದೆ. ಮುಷ್ಟಿ ಒತ್ತಿದಳು, ಚುಕ್ಕಿ ಇಟ್ಟಳು. ಆಮೇಲೆ ಹೆಬ್ಬೆರಳಿಗೆ ಹಿಟ್ಟು ಹಚ್ಚಿಕೊಂಡು, ನಡುವಿನ ತಗ್ಗನ್ನು ಮೆಲ್ಲಗೆ ತುಂಬಿದಳು. ಒಂದನ್ನಲ್ಲ, ಎಲ್ಲವನ್ನೂ. ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಸಪಾಟ ಹೆಜ್ಜೆಗಳ ಸಾಲು.

"ಏನವ್ವಾ ಇದು?" ಎಂದೆ.

"ಆಕಿಗೂ ವಯಸ್ಸಾಗಿರತೈತಲ್ಲ" ಎಂದಳು ಅವ್ವ, ತಲೆ ಎತ್ತದೆ. "ಎಷ್ಟ ಮನಿ ತಿರಗಿರತಾಳ ಪಾಪ. ಹ್ಯಾಂಗ ಇದ್ದಾಳ ಹಂಗ ಬರ್ಲಿ ಬಿಡು ಒಳಗ."